ಶಿಡ್ಲಘಟ್ಟದ ಒಂಟಿ ಮತ

"ಮಾಡಿದ್ದು ನಾನೇ ಅಂತ ಇನ್ನೆಷ್ಟು ಸಲ ಹೇಳ್ಬೇಕು ಮೇಡಂ?" ಎಂದು ಭಾನುಪ್ರಕಾಶ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡ.

ಶಹಜಾದಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೂವತ್ತೊಂದು ವರ್ಷ ಚಿಕ್ಕಬಳ್ಳಾಪುರದಲ್ಲಿ ಕಾಲೇಜು ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಟ್ಟು, ನಿವೃತ್ತರಾದ ಮೇಲೆ ಊರಿನ ಕಳವು, ಕಾಣೆ, ಕಿರಿಕಿರಿಗಳ ಪತ್ತೆಗೆ ಇಳಿದಿದ್ದ ಅವರಿಗೆ, ನಾನು ಮಾಡಿಲ್ಲ ಎಂದು ಅಳುವವರು ಹೊಸಬರಲ್ಲ. ಮಾಡಿದ್ದೇನೆ, ದಯವಿಟ್ಟು ನಂಬಿ ಎಂದು ಗೋಗರೆಯುವವನು ಇವನೇ ಮೊದಲು.

ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತಾಗಿತ್ತು. ಐದೂವರೆಯೊಳಗೆ ಸತ್ಯ ಸಿಗದಿದ್ದರೆ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದ ಅವರ ತಂಗಿಯ ಮಗಳು ಸಾಬ್ರೀನ್ ಜಗತ್ತಿನ ಮುಂದೆ ಮತಗಳ್ಳಿಯಾಗುತ್ತಿದ್ದಳು. ಹಾಗೆಂದು ಬರೆದ ಪತ್ರ ಮೇಜಿನ ಮೇಲಿತ್ತು. ಅದಕ್ಕೆ ಸಹಿ ಹಾಕಬೇಕಾದ ಶಿಡ್ಲಘಟ್ಟ ಅಂತರಜಾಲ ಬಳಕೆದಾರರ ಸಂಘದ ಅಧ್ಯಕ್ಷೆ ಅಮ್ಮಾಜಮ್ಮ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ತೆಗೆಯುವುದು ಮಾಡುತ್ತಿದ್ದರು. ಅಮ್ಮಾಜಮ್ಮನದು ನಾಲ್ಕು ಎಕರೆ ಹಿಪ್ಪುನೇರಳೆ ತೋಟ. ಹುಳು ಸಾಕಿ, ಗೂಡು ಮಾರಿ ಬದುಕಿದವರು. ಒಬ್ಬ ಹೆಣ್ಣುಮಗಳ ಹೆಸರು ಕೆಡಿಸುವ ಕಾಗದಕ್ಕೆ ಸಹಿ ಹಾಕಿ ಅವರಿಗೆ ಅಭ್ಯಾಸವಿರಲಿಲ್ಲ.

ಸಂಘದ ಕೋಣೆ ಇದ್ದದ್ದು ಕಾರ್ಯದರ್ಶಿ ಖಾಜಾ ಪೀರ್ ಅವರ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನ ಮಹಡಿಯಲ್ಲಿ. ಕೆಳಗೆ ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ ಮೆಟ್ಟಿಲು ಹತ್ತಿ ಬಂದು, ಎಲ್ಲರಿಗಿಂತ ಮೊದಲು ಕುರ್ಚಿ ಹಿಡಿದು ಕೂತಿತ್ತು. ಹುಟ್ಟಿದ್ದು ತೊಂಡೇಬಾವಿಯಲ್ಲಾದರೂ ಹದಿನೈದು ವರ್ಷ ದೆಹಲಿಯಲ್ಲಿ 'ಸಲಹೆಗಾರ'ನಾಗಿದ್ದ ಭಾನುಪ್ರಕಾಶನಿಗೆ ಮಾತ್ರ ಅದು ತಡೆಯಲಾಗುತ್ತಿರಲಿಲ್ಲ.

"ಈ ಸಂಘ ಯಾಕೆ ಹುಟ್ಟಿತು ಅನ್ನೋದಾದ್ರೂ ಗೊತ್ತೇನಪ್ಪ ನಿನಗೆ?" ಎಂದು ಶಹಜಾದಿ ಅವನನ್ನು ಕೇಳಿದರು.

"ಫೈಲಿನಲ್ಲಿತ್ತು ಮೇಡಂ. ಪೂರ್ತಿ ಓದಿಲ್ಲ."

ಓದಿದ್ದರೆ ಅವನಿಗೂ ನಗು ಬರುತ್ತಿತ್ತು. ಸಾಬ್ರೀನ್ 'ಗೂಡುಕಟ್ಟೆ' ಎಂಬ ಜಾಲತಾಣ ನಡೆಸುತ್ತಿದ್ದಳು. ಬೆಳೆಗಾರರೂ ನೂಲು ತೆಗೆಯುವ ರೀಲರ್‌ಗಳೂ ಅಲ್ಲಿ ಆಯಾ ದಿನದ ಗೂಡಿನ ದರ, ಕೆಟ್ಟ ತಕ್ಕಡಿ, ಕುರ್ಚಿಯಲ್ಲಿಲ್ಲದ ಅಧಿಕಾರಿ, ಎಲ್ಲವನ್ನೂ ಬರೆಯುತ್ತಿದ್ದರು. ಒಂದು ಬೆಳಿಗ್ಗೆ ಆ ವಿಳಾಸವೇ ಇಲ್ಲವಾಯಿತು. 'ಒಂದು ಸರ್ಕಾರದ ಕೋರಿಕೆಯ ಮೇರೆಗೆ' ಎಂಬ ಒಂದೇ ಸಾಲು ಉಳಿಯಿತು. ಯಾವ ಸರ್ಕಾರ, ಯಾಕೆ, ಯಾರು ಕೋರಿದರು, ಒಂದೂ ಇಲ್ಲ.

ಜಾಲತಾಣದ ಹೆಸರು ಮಾರಿದ ಕಂಪನಿ ನೋಂದಣಿ ಕಚೇರಿಯನ್ನು ಕೇಳಿ ಎಂದಿತು. ನೋಂದಣಿ ಕಚೇರಿ ಒಂದು ದೂರದ ದ್ವೀಪದಲ್ಲಿತ್ತು, ಯಾಕೆಂದರೆ ಅಲ್ಲಿನ ಹೆಸರು ಅಗ್ಗ. ಅದು ದ್ವೀಪದ ಸರ್ಕಾರವನ್ನು ಕೇಳಿ ಎಂದಿತು. ದ್ವೀಪದ ಸರ್ಕಾರ ನಿಮ್ಮ ಸರ್ಕಾರವನ್ನೇ ಕೇಳಿ ಎಂದಿತು. ನಮ್ಮ ಕಡೆಯ ಕಚೇರಿಯೊಂದು, ಜಗತ್ತಿನ ಜಾಲತಾಣಗಳ ಹೆಸರನ್ನೆಲ್ಲ ನೋಡಿಕೊಳ್ಳುವ ಜಾಗತಿಕ ಹೆಸರು ಮಂಡಳಿಯನ್ನು ಕೇಳಿ ಎಂದಿತು. ಮಂಡಳಿ ಬಹಳ ಸೌಜನ್ಯದಿಂದ, ಒಬ್ಬೊಬ್ಬರ ದೂರು ಕೇಳುವುದು ತನ್ನ ಕೆಲಸವಲ್ಲ, ಸಾಮಾನ್ಯ ಬಳಕೆದಾರರು ಸಂಘ ಕಟ್ಟಿಕೊಂಡರೆ ಹೊಸ ನಿಯಮ ಮಾಡುವಾಗ ಒಂದು ಮತ ಕೊಡುತ್ತೇನೆ ಎಂದು ತಿಳಿಸಿತು. ಇಷ್ಟು ಹೇಳಿದರೆ ಕಾಟ ತಪ್ಪುತ್ತದೆ ಎಂದು ಅವರ ಲೆಕ್ಕಾಚಾರವಿದ್ದಿರಬಹುದು. ಶಿಡ್ಲಘಟ್ಟದವರು ಮುಂದಿನ ಭಾನುವಾರವೇ ಸಂಘ ಕಟ್ಟಿದರು.

ಈಗ ಆ ಮತ ಚಲಾಯಿಸುವ ಕಾಲ ಬಂದಿತ್ತು. ಮಂಡಳಿಯ ಮುಂದೆ ಐದು ಪ್ರಸ್ತಾವಗಳಿದ್ದವು. 'ಅ' ಪ್ರಸ್ತಾವದ ಪ್ರಕಾರ, ಒಂದು ಹೆಸರು ತೆಗೆಯಿರಿ ಎನ್ನುವ ಸರ್ಕಾರ ಕಾರಣವನ್ನು ಬರೆದುಕೊಡಬೇಕು, ಕೆಳಗೆ ಅಧಿಕಾರಿಯ ಹೆಸರಿರಬೇಕು. ಹಳೆಯ ಪ್ರಕರಣಗಳಿಗೂ ಇದು ಅನ್ವಯ. ಕೊನೆಯ 'ಉ' ಪ್ರಸ್ತಾವದ ಪ್ರಕಾರ ಯಾರೂ ಯಾರಿಗೂ ಏನೂ ಹೇಳಬೇಕಿಲ್ಲ. ಸಂಘ ಸಭೆ ಸೇರಿ 'ಅ'ಕ್ಕೇ ಮೊದಲ ಪ್ರಾಶಸ್ತ್ಯ ಎಂದು ತೀರ್ಮಾನಿಸಿತು. ನಿನ್ನೆ ಮಂಡಳಿ ಪಟ್ಟಿ ಪ್ರಕಟಿಸಿದಾಗ ಶಿಡ್ಲಘಟ್ಟದ ಮತ 'ಉ'ಗೆ ಬಿದ್ದಿತ್ತು. 'ಉ' ಗೆಲ್ಲುವ ಹಾದಿಯಲ್ಲಿತ್ತು, ಒಂದೇ ಒಂದು ಮತದಿಂದ. ತಪ್ಪು ಯಾರದೆಂದು ಬರೆದು ತಿದ್ದುಪಡಿ ಕಳಿಸಲು ಮಂಡಳಿ ಇವತ್ತು ಐದೂವರೆಯವರೆಗೆ ಸಮಯ ಕೊಟ್ಟಿತ್ತು.

ಮತ ಹಾಕುವ ಗುಪ್ತಪದ ಗೊತ್ತಿದ್ದದ್ದು ಇಬ್ಬರಿಗೆ: ಖಾಜಾ ಪೀರ್ ಮತ್ತು ಸಾಬ್ರೀನ್.

"ನಾನು ಸರಿಯಾಗೇ ಒತ್ತಿದ್ದೀನಿ ಆಪಾ," ಎಂದರು ಖಾಜಾ ಪೀರ್ ಶಹಜಾದಿಗೆ, ಮತ್ತೊಮ್ಮೆ. ಅರವತ್ನಾಲ್ಕರ ಆ ಮನುಷ್ಯ ನಿನ್ನೆಯಿಂದ ಇದೊಂದೇ ವಾಕ್ಯದ ಮೇಲೆ ನಿಂತಿದ್ದರು. "ಸಭೇಲಿ ಏನು ಹೇಳಿದ್ರೋ ಅದೇ ಒತ್ತಿದ್ದೀನಿ. ಆಮೇಲೆ ಯಾರೋ ಬದಲಾಯಿಸಿದ್ದಾರೆ. ಯಾರು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ."

"ನಿನ್ನೆನೇ ಹೇಳಿದ್ರಲ್ಲ ಚಾಚಾ, ಬೀದಿಗೆಲ್ಲ ಕೇಳಿಸೋ ಹಾಗೆ," ಎಂದಳು ಸಾಬ್ರೀನ್, ತಲೆ ಎತ್ತದೆ.

"ನಾನು ಹೇಳ್ತಿರೋದು ಅದೇ," ಭಾನುಪ್ರಕಾಶ್ ನಡುವೆ ಬಾಯಿ ಹಾಕಿದ. "ಈ ಹುಡುಗಿ ಅಲ್ಲ. ನಾನು. ಖಾಜಾ ಸಾಬ್ರ ಗುಪ್ತಪದ ತಗೊಂಡು ಇದೇ ಕೋಣೆಯ ಕಂಪ್ಯೂಟರಿಂದ ಹಾಕಿದೆ."

ಅಮ್ಮಾಜಮ್ಮನ ಮುಖ ಅರಳಿತು. "ಅಯ್ಯೋ, ಒಪ್ಕೊಂತಾ ಇದಾನಲ್ಲಮ್ಮ ಪಾಪ. ಇವನ ಹೆಸರೇ ಬರೆದು ಮುಗಿಸಣ. ಒಪ್ಕೊಂಡೋರ್ನ ಬಿಟ್ಟು ಒಪ್ಕೊಳ್ದೇ ಇರೋರ್ನ ಯಾಕೆ ಹುಡುಕ್ಬೇಕು?"

ಸಾಬ್ರೀನ್ ಕೂಡ ಆಸೆಯಿಂದ ದೊಡ್ಡಮ್ಮನ ಕಡೆ ನೋಡಿದಳು. ಆ ನೋಟ ಶಹಜಾದಿಯ ಕರುಳಿಗೆ ತಾಗಿತು. ಆದರೆ ತೂಗಿದಾಗ ಸರಿಹೊಂದದ ಉತ್ತರವನ್ನು, ಅದು ಬೇಕಾದ ಉತ್ತರವೆಂಬ ಕಾರಣಕ್ಕೆ ಬರೆದುಕೊಂಡ ವಿದ್ಯಾರ್ಥಿಗಳಿಗೆ ಅವರು ಎಷ್ಟೋ ಸಲ ಸೊನ್ನೆ ಕೊಟ್ಟಿದ್ದರು.

"ಯಾರಿಗಾಗಿ ಹಾಕಿದೆಯಪ್ಪ?"

"ಮೇಲಿನವರಿಗಾಗಿ."

"ಯಾವ ಮೇಲಿನವರು?"

"ಹೆಸರು ಹೇಳೋ ಹಾಗಿಲ್ಲ ಮೇಡಂ. ಈ ಭಾಗದ ಮತಗಳು ನಮ್ಮ ಕಡೆ ಬಂದ್ರೆ ಒಳ್ಳೇದು ಅಂದ್ರು. ಅವರಿಗೂ ಅವರ ಮೇಲಿನವರು ಹೇಳಿದ್ರಂತೆ."

"ಬರೆದು ಕೊಟ್ಟಿದ್ದಾರಾ?"

ಭಾನುಪ್ರಕಾಶ್ ಅವರನ್ನು ಕನಿಕರದಿಂದ ನೋಡಿದ. "ಬರೆದು ಕೊಡೋದಾಗಿದ್ರೆ ನಾನು ಯಾಕೆ ಬೇಕು ಮೇಡಂ?"

ಈ ಒಂದು ವಾಕ್ಯ ಮಾತ್ರ ಅಪ್ಪಟ ನಿಜ ಎಂದು ಶಹಜಾದಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡರು.

"ಇಲ್ಲಿಗೆ ಬಂದು ಏನೇನು ಮಾಡಿದೆ?"

"ಖಾಜಾ ಸಾಬ್ರಿಗೆ ಶಾಲು ಹೊದಿಸಿದೆ. ಮೈಸೂರು ಪೇಟ ಇಟ್ಟೆ. ದೇಶದ ಹಿತದೃಷ್ಟಿ ಅಂತ ಇಪ್ಪತ್ತು ನಿಮಿಷ ಮಾತಾಡಿದೆ."

"ಪೇಟ ಸಣ್ಣದಾಯ್ತು," ಎಂದರು ಖಾಜಾ ಪೀರ್. "ಮಾತು ಉದ್ದ ಆಯ್ತು. ನಾನು ಆಗ ನೂಲಿನ ಲೆಕ್ಕ ಯೋಚಿಸ್ತಿದ್ದೆ."

ಶಹಜಾದಿ ತಮ್ಮ ಚೀಲದಿಂದ ಮಂಡಳಿ ಕಳಿಸಿದ್ದ ಮತದ ರಸೀದಿಯ ಪ್ರತಿ ತೆಗೆದರು. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣ ಸಣ್ಣ ಗೆರೆಗಳಿದ್ದವು.

"ಮತ ಬಿದ್ದದ್ದು ಮಂಗಳವಾರ ಬೆಳಿಗ್ಗೆ ಹತ್ತೂ ಹನ್ನೆರಡಕ್ಕೆ. ಮೊಬೈಲಿನಿಂದ. ಈ ಕೋಣೆಯ ಕಂಪ್ಯೂಟರ್ ಸೋಮವಾರದಿಂದ ಚಿಕ್ಕಬಳ್ಳಾಪುರದಲ್ಲಿ ರಿಪೇರಿಗಿದೆ. ನೋಡು, ಮೇಜಿನ ಮೇಲೆ ಧೂಳಿನ ಚೌಕ ಮಾತ್ರ ಇದೆ."

ಭಾನುಪ್ರಕಾಶ್ ಧೂಳಿನ ಚೌಕವನ್ನು ದ್ವೇಷದಿಂದ ನೋಡಿದ. "ಹಾಗಾದ್ರೆ ಮೊಬೈಲಿನಿಂದ ಹಾಕಿದೆ."

"ಸರಿ. ಯಾವ ಪ್ರಸ್ತಾವಕ್ಕೆ ಯಾವ ಅಂಕಿ ಕೊಟ್ಟೆ?"

"ಉ-ಗೆ ಒಂದು. ಉಳಿದದ್ದು ಏನೋ ಹಾಕಿದೆ. ನಮಗೆ ಬೇಕಾದದ್ದು ಅದೊಂದೇ ಅಲ್ವಾ?"

"ಅಲ್ಲೇ ಎಡವಿದೆ ನೀನು."

ಅವರು ರಸೀದಿಯನ್ನು ಅಮ್ಮಾಜಮ್ಮನ ಮುಂದೆ ಸರಿಸಿದರು. ಸಭೆಯ ತೀರ್ಮಾನ ಅ, ಇ, ಆ, ಈ, ಉ ಎಂಬ ಕ್ರಮದಲ್ಲಿತ್ತು. 'ಆ' ಮೊದಲೋ 'ಇ' ಮೊದಲೋ ಎಂದು ಸಂಘದವರು ಮುಕ್ಕಾಲು ಗಂಟೆ ಕಿತ್ತಾಡಿ, ಕೊನೆಗೆ 'ಇ' ಗೆದ್ದದ್ದು ಆ ಕೋಣೆಯಲ್ಲಿದ್ದವರಿಗೆ ಮಾತ್ರ ಗೊತ್ತು. ರಸೀದಿಯಲ್ಲಿ ಉ ಒಂದು, ಈ ಎರಡು, ಆ ಮೂರು, ಇ ನಾಲ್ಕು, ಅ ಐದು.

"ಇದನ್ನ ಕೆಳಗಿಂದ ಮೇಲಕ್ಕೆ ಓದಿ ಅಮ್ಮಾಜಮ್ಮ."

ಅಮ್ಮಾಜಮ್ಮ ಬೆರಳಿಟ್ಟು ಓದಿದರು. "ಅ, ಇ, ಆ, ಈ, ಉ. ಅರೆ, ನಮ್ಮದೇ ತೀರ್ಮಾನ ಕಣಮ್ಮ ಇದು. ನಮ್ಮ ಜಗಳ ಕೂಡ ಹಂಗೇ ಇದೆ."

"ಕದಿಯೋಕೆ ಬಂದವನು ಬೇಕಾದ ಒಂದನ್ನ ಮೇಲಿಟ್ಟು ಓಡಿಹೋಗ್ತಾನೆ. ನಿಮ್ಮ ಜಗಳದ ಫಲಿತಾಂಶವನ್ನ ಕನ್ನಡಿಯಲ್ಲಿ ತೋರಿಸಿದ ಹಾಗೆ ಇಷ್ಟು ನಿಷ್ಠೆಯಿಂದ ತಿರುಗಿಸಿಡೋದಿಲ್ಲ. ಇದನ್ನ ಹಾಕಿದವರು ಸಭೆಯಲ್ಲಿ ಕೂತಿದ್ದವರು. ಸಭೆಯ ಮಾತನ್ನ ಒಂದಕ್ಷರ ಮೀರಬಾರದು ಅಂತ ಇದ್ದವರು."

ಸಾಬ್ರೀನಳ ಮುಖ ಬಿಳುಚಿಕೊಂಡಿತು. ಸಭೆಯಲ್ಲಿ ಅವಳೂ ಕೂತಿದ್ದಳು.

ಶಹಜಾದಿ ಬೀದಿಯ ಬೇಕರಿಯಿಂದ ತರಿಸಿದ್ದ ತಟ್ಟೆಯನ್ನು ಮೇಜಿನ ನಡುವೆ ಇಟ್ಟರು. ಖಾರ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು, ತೆಂಗಿನಕಾಯಿ ಬಿಸ್ಕತ್ತು, ಓಂಕಾಳಿನದು, ಒಂದು ರಸ್ಕ್. ನಾಲ್ವರಿಗೂ ಒಂದೊಂದು ಚೀಟಿ ಕೊಟ್ಟರು.

"ಮಂಡಳಿಯ ನಮೂನೆಯಲ್ಲಿ ಏನಿತ್ತೋ ಅದನ್ನೇ ಹೇಳ್ತೀನಿ. ನಿಮ್ಮ ಪ್ರಾಶಸ್ತ್ಯದ ಪ್ರಕಾರ ಒಂದರಿಂದ ಐದರವರೆಗೆ ಅಂಕಿ ಹಾಕಿ. ಪಕ್ಕದವರದ್ದು ನೋಡಬೇಡಿ."

"ಇದು ವಿಚಾರಣೆನಾ, ಟೀ ಪಾರ್ಟಿನಾ?" ಎಂದ ಭಾನುಪ್ರಕಾಶ್.

"ಬರಿ ಅಂದ್ರೆ ಬರೀಪ್ಪ," ಎಂದರು ಅಮ್ಮಾಜಮ್ಮ. "ಮೇಡಂ ಹತ್ರ ಓದಿದೋರು ಈಗ್ಲೂ ರಸ್ತೇಲಿ ಕಂಡ್ರೆ ಸೈಕಲ್ ಇಳೀತಾರೆ."

ಖಾಜಾ ಪೀರ್ ಕನ್ನಡಕ ಏರಿಸಿ ಬಹಳ ಯೋಚಿಸಿದರು. ಓಂಕಾಳಿನದಕ್ಕೂ ತೆಂಗಿನಕಾಯಿಯದಕ್ಕೂ ನಡುವೆ ಅವರಿಗೆ ಧರ್ಮಸಂಕಟವಾಯಿತು. ಕೊನೆಗೆ ಬರೆದು ಚೀಟಿ ಮಡಚಿದರು. ಉಳಿದವರೂ ಮಡಚಿದರು.

"ಈಗ ನಿಮಗೆ ತುಂಬ ಇಷ್ಟವಾದದ್ದನ್ನ ತಗೊಂಡು ತಿನ್ನಿ."

ಖಾಜಾ ಪೀರ್ ಖಾರ ಬಿಸ್ಕತ್ತಿಗೆ ಕೈ ಹಾಕಿದರು. ಅಮ್ಮಾಜಮ್ಮ ರಸ್ಕ್ ತೆಗೆದುಕೊಂಡರು. ಭಾನುಪ್ರಕಾಶ್ ಬೆಣ್ಣೆಯದು. ಸಾಬ್ರೀನ್ ಬೇಡವೆಂದು ತಲೆಯಾಡಿಸಿ, ದೊಡ್ಡಮ್ಮ ಕಣ್ಣು ಬಿಟ್ಟಾಗ ತೆಂಗಿನಕಾಯಿಯದನ್ನು ಎತ್ತಿಕೊಂಡಳು.

ಶಹಜಾದಿ ಚೀಟಿಗಳನ್ನು ಬಿಡಿಸಿ ಸಾಲಾಗಿಟ್ಟರು. ಭಾನುಪ್ರಕಾಶನ ಚೀಟಿಯಲ್ಲಿ ಬೆಣ್ಣೆ ಬಿಸ್ಕತ್ತಿಗೆ ಒಂದು. ಸಾಬ್ರೀನಳದರಲ್ಲಿ ತೆಂಗಿನಕಾಯಿಗೆ ಒಂದು. ಅಮ್ಮಾಜಮ್ಮನದರಲ್ಲಿ ರಸ್ಕಿಗೆ ಐದು. ಖಾಜಾ ಪೀರ್ ಅವರದರಲ್ಲಿ ಖಾರ ಬಿಸ್ಕತ್ತಿಗೆ ಐದು, ಎರಡು ಸಲ ತಿದ್ದಿ ದಪ್ಪ ಮಾಡಿದ ಐದು.

ಅಮ್ಮಾಜಮ್ಮ ಎರಡು ಐದುಗಳನ್ನೂ ಬೆರಳಿಟ್ಟು ನೋಡಿದರು.

"ಖಾಜಾ ಭಾಯ್," ಎಂದರು ಶಹಜಾದಿ ಮೆಲ್ಲಗೆ, "ಮಂಗಳವಾರ ಹತ್ತೂ ಹನ್ನೆರಡಕ್ಕೆ ಎಲ್ಲಿದ್ರಿ?"

"ಇನ್ನೆಲ್ಲಿ, ಗೂಡಿನ ಮಾರುಕಟ್ಟೇಲಿ. ಹರಾಜು ನಡೀತಿತ್ತು. ಒಂದು ಲಾಟ್ ಗೂಡಿಗೆ ಮೊಬೈಲಲ್ಲಿ ರೇಟು ಒತ್ತಿದೆ, ಇದನ್ನೂ ಒತ್ತಿದೆ, ಇನ್ನೊಂದು ಲಾಟ್ ಗೂಡಿಗೆ ರೇಟು ಒತ್ತಿದೆ."

"ಹರಾಜಿನಲ್ಲಿ ಬೇಕಾದ ಗೂಡಿಗೆ ಏನು ಒತ್ತುತ್ತೀರಿ?"

"ಬೇಕಾದದ್ದಕ್ಕೆ ದೊಡ್ಡ ನಂಬರು, ಬೇಡದ್ದಕ್ಕೆ ಚಿಕ್ಕ ನಂಬರು. ನಲವತ್ತು ವರ್ಷದಿಂದ..." ಖಾರ ಬಿಸ್ಕತ್ತು ಅವರ ಬಾಯಿಯ ಹತ್ತಿರ ನಿಂತುಹೋಯಿತು. "ಅಲ್ಲ ಆಪಾ. ಇಷ್ಟವಾದದ್ದಕ್ಕೆ ಯಾರಾದ್ರೂ ಒಂದು ಹಾಕ್ತಾರಾ?"

"ನಾನೂ ಹಾಕಲ್ಲಮ್ಮ," ಎಂದರು ಅಮ್ಮಾಜಮ್ಮ. "ಶಾಲೇಲಿ ಒಂದನೇ ನಂಬರು ಅಂದ್ರೆ ಸರಿ. ಗೂಡಿಗೆ ಯಾರಾದ್ರೂ ಒಂದು ಅಂದ್ರೆ ನಾನು ಕುಕ್ಕೆ ಎತ್ಕೊಂಡು ಮನೇಗ್ ಬರ್ತೀನಿ."

ಖಾಜಾ ಪೀರ್ ಬಿಸ್ಕತ್ತನ್ನು ತಟ್ಟೆಗೆ ವಾಪಸ್ಸಿಟ್ಟರು. ಅವರ ಕಿವಿಗಳು ಕೆಂಪಾಗಿದ್ದವು. ಎದ್ದುನಿಂತು, ಮೂಲೆಯ ಕುರ್ಚಿಯ ಹತ್ತಿರ ಹೋಗಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಬೇಟಿ, ನಿನ್ನೆ ನಾನು ಬೀದೀಲಿ ನಿಂತು ಕಿರುಚಿದೆ ಅಲ್ವಾ?"

"ಹೂಂ."

"ಅದೇ ಜಾಗದಲ್ಲಿ ನಿಂತು ನಾಳೆ ತಪ್ಪು ನಂದು ಅಂತ ಕಿರುಚ್ತೀನಿ."

"ಬೇಡ ಚಾಚಾ, ಬೀದಿಯವರು ಈಗಲೇ ಸಾಕಾಗಿದ್ದಾರೆ. ಕಾಗದದಲ್ಲಿ ಬರೆದುಕೊಡಿ, ಸಾಕು." ಸಾಬ್ರೀನಳ ಧ್ವನಿ ಕಟುವಾಗಿಯೇ ಶುರುವಾಗಿ, ಕೊನೆಗೆ ಒದ್ದೆಯಾಯಿತು. ಅವಳು ತೆಂಗಿನಕಾಯಿ ಬಿಸ್ಕತ್ತನ್ನು ಈಗ ಕಚ್ಚಿದಳು.

ಎಲ್ಲರಿಗಿಂತ ಹೆಚ್ಚು ಕುಸಿದಿದ್ದವನು ಭಾನುಪ್ರಕಾಶ್. "ಮೇಡಂ, ನೀವು ಇದನ್ನ ತಿದ್ದುಪಡಿ ಅಂತ ಕಳಿಸ್ತೀರಾ?"

"ಕಳಿಸಬೇಕಲ್ಲ."

"ಶಿಡ್ಲಘಟ್ಟದ ಮತವನ್ನ ನನ್ನ ಪ್ರಭಾವದಿಂದ ತಿರುಗಿಸಿದ್ದೀನಿ ಅಂತ ಹದಿನಾಲ್ಕು ಪುಟದ ವರದಿ ಕಳಿಸಿದ್ದೀನಿ. ಮೇಲಿನವರು ಅದನ್ನ ಅವರ ಮೇಲಿನವರಿಗೆ ಕಳಿಸಿದ್ದಾರೆ. ಫೋಟೋ ಎಲ್ಲ ಹಾಕಿದ್ದೀನಿ." ಅವನು ಕರವಸ್ತ್ರ ಹಿಂಡಿದ. "ನಾನು ರಾಷ್ಟ್ರೀಯ ಪ್ರಭಾವ ಅಂತ ಬರೆದಿದ್ದೀನಿ ಮೇಡಂ. ನೀವು ಬಿಸ್ಕತ್ತು ಅಂತ ಬರೀತೀರಾ?"

"ನಿನ್ನ ಹೆಸರಲ್ಲಿ ಬರೆದುಕೊಡೋದಾದ್ರೆ ನಾಳೆ ಮಂಡಳಿ ನಿನ್ನನ್ನ ಕೇಳುತ್ತೆ, ಯಾರು ಕಳಿಸಿದ್ರು ಅಂತ. ಹೇಳ್ತೀಯಾ?"

ಭಾನುಪ್ರಕಾಶ್ ಕೆಲಸ ಹೋಗುವ ಎರಡು ದಾರಿಗಳಲ್ಲಿ ಯಾವುದು ಕಡಿಮೆ ಕಡಿದು ಎಂದು ಅಳೆಯುತ್ತಿದ್ದ. "ಬಿಸ್ಕತ್ತೇ ಇರಲಿ ಬಿಡಿ," ಎಂದ ಕೊನೆಗೆ.

"ಸರೇಲೇ, ಆಯ್ತು ಬಿಡು," ಎಂದರು ಅಮ್ಮಾಜಮ್ಮ, ಸಾಬ್ರೀನಳನ್ನು ಮತಗಳ್ಳಿ ಎಂದಿದ್ದ ಪತ್ರವನ್ನು ನಾಲ್ಕು ಚೂರು ಮಾಡುತ್ತ. "ತಿನ್ನಪ್ಪ, ಬೆಣ್ಣೇದು ಇನ್ನೂ ಅರ್ಧ ಇದೆ."

ಐದು ಗಂಟೆ. ಸಾಬ್ರೀನ್ ತನ್ನ ಮೊಬೈಲಿನಲ್ಲಿ ತಿದ್ದುಪಡಿಯ ನಮೂನೆ ತೆರೆದಳು. ಖಾಜಾ ಪೀರ್ ಹೇಳುತ್ತ ಹೋದರು, ಅವಳು ಇಂಗ್ಲಿಷಿನಲ್ಲಿ ಒತ್ತುತ್ತ ಹೋದಳು. 'ನಮ್ಮ ಮಾರುಕಟ್ಟೆಯ ಪದ್ಧತಿಯಂತೆ ನಾನು ಹೆಚ್ಚು ಬೇಕಾದದ್ದಕ್ಕೆ ಹೆಚ್ಚಿನ ಅಂಕಿ ಕೊಟ್ಟಿದ್ದೇನೆ. ಸಂಘದ ತೀರ್ಮಾನ ಇದಕ್ಕೆ ಸರಿಯಾಗಿ ವಿರುದ್ಧ. ಬೇರೆ ಯಾರ ತಪ್ಪೂ ಇಲ್ಲ.' ಕೊನೆಯ ವಾಕ್ಯವನ್ನು ಎರಡು ಸಲ ಹಾಕು ಎಂದು ಅವರು ಹಟ ಹಿಡಿದರು.

ಮೊಬೈಲು ಕೈಯಿಂದ ಕೈಗೆ ಹೋಯಿತು. ಅಧ್ಯಕ್ಷೆ ಬೆರಳಿನಿಂದ ಸಹಿ ಮಾಡಿದರು. ಕಾರ್ಯದರ್ಶಿ ಸಹಿ ಮಾಡಿದರು. ಮೂರನೆಯದು, ವಿಚಾರಣೆ ಮಾಡಿದವರ ಸಾಕ್ಷಿ. ಆ ವ್ಯಕ್ತಿ ಮತ ಇರುವ ಯಾವುದೇ ಸಂಘದ ಪದಾಧಿಕಾರಿಯಾಗಿರಬಾರದು ಎಂಬುದು ಮಂಡಳಿಯ ಷರತ್ತು. ಶಹಜಾದಿ ಈ ಸಂಘದ ಸದಸ್ಯರೂ ಅಲ್ಲವಾದ್ದರಿಂದ ಅವರೇ ಸಾಕ್ಷಿ. ಸಾಬ್ರೀನ್ ದೊಡ್ಡಮ್ಮನ ಹೆಸರು, ಜನ್ಮದಿನ, ವಿಳಾಸ ತುಂಬಿ 'ಕಳುಹಿಸು' ಒತ್ತಿದಳು. ಐದೂ ಹದಿನೈದು.

ಪರದೆಯ ಮೇಲೆ ಚಕ್ರ ತಿರುಗಿತು. ನಿಂತಿತು. ಕೆಂಪಕ್ಷರ ಮೂಡಿತು.

"ಏನಂತೆ?" ಖಾಜಾ ಪೀರ್ ಬಗ್ಗಿದರು.

ಸಾಬ್ರೀನ್ ಓದಿ ಹೇಳಿದಳು. "ಸಾಕ್ಷಿಯ ಹೆಸರು ಇನ್ನೊಂದು ಮತದಾರ ಸಂಘದ ಪದಾಧಿಕಾರಿಗಳ ಪಟ್ಟಿಯಲ್ಲಿದೆ. ಆ ಸಂಘದ ಅಧ್ಯಕ್ಷರು ಸಮಜಾಯಿಷಿ ಕೊಡೋವರೆಗೆ ತಿದ್ದುಪಡಿ ತಡೆಹಿಡಿದಿದ್ದೀವಿ. ಕಡೇ ಸಮಯ ಐದೂವರೆ."

"ಅದಕ್ಕೇನಂತೆ, ಆ ಅಧ್ಯಕ್ಷರಿಗೆ ಒಂದು ಫೋನ್ ಹಾಕಣ," ಎಂದರು ಅಮ್ಮಾಜಮ್ಮ. "ಯಾವೂರಂತೆ ಅವರು?"

"ಚಿಂತಾಮಣಿ," ಎಂದಳು ಸಾಬ್ರೀನ್. "ಚಿಂತಾಮಣಿ ಅಂತರಜಾಲ ಬಳಕೆದಾರರ ಸಂಘ. ಇನ್ನೂರ ಹನ್ನೆರಡು ಸದಸ್ಯರು. ನಮಗಿಂತ ಎರಡು ವರ್ಷ ಮೊದಲೇ ನೋಂದಣಿ ಆಗಿದೆ."

"ಚಿಂತಾಮಣೀಲಿ ಅಂಥದ್ದೊಂದು ಸಂಘ ಇದ್ದಿದ್ರೆ ನಮಗೆ ಗೊತ್ತಿರ್ತಿರ್ಲಿಲ್ವಾ?" ಎಂದು ಖಾಜಾ ಪೀರ್ ಭಾನುಪ್ರಕಾಶನ ಕಡೆ ತಿರುಗಿದರು.

ಭಾನುಪ್ರಕಾಶ್ ಬಿಸ್ಕತ್ತು ಹಿಡಿದ ಕೈಯಲ್ಲೇ ಬಾಗಿಲಿನ ಅಂದಾಜು ಮಾಡುತ್ತಿದ್ದ. "ನನ್ನ ಫೈಲಿನಲ್ಲಿ ಆ ಹೆಸರೇ ಇಲ್ಲ. ಅದು ನನಗಿಂತ ಮೇಲಿನವರದ್ದಿರಬೇಕು."

"ಅವರ ಮತ ಯಾವುದಕ್ಕೆ?" ಎಂದು ಕೇಳಿದರು ಶಹಜಾದಿ. ಉತ್ತರ ಅವರಿಗೆ ಆಗಲೇ ಹೊಳೆದಿತ್ತು.

"ಉ-ಗೆ."

"ಅಧ್ಯಕ್ಷರ ಹೆಸರೇನು?"

ಸಾಬ್ರೀನ್ ಮೊಬೈಲನ್ನು ದೊಡ್ಡಮ್ಮನ ಕೈಗೆ ಕೊಟ್ಟಳು.

ಅಧ್ಯಕ್ಷರು: ಶಹಜಾದಿ. ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ. ಜನ್ಮದಿನ ಸರಿ, ಮನೆಯ ಬಾಗಿಲ ಸಂಖ್ಯೆ ಸರಿ. ಕೆಳಗೆ ನೋಂದಣಿ ಪತ್ರದ ಚಿತ್ರ. ಅದರ ಕೊನೆಯಲ್ಲಿ ನೀಲಿ ಶಾಯಿಯ ಸಹಿ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಸಹಿಯ ಭಾಗವನ್ನು ಬೆರಳಿನಿಂದ ದೊಡ್ಡದು ಮಾಡಿದರು. ನಕಲು ಮಾಡಿದವರ ಗೆರೆ ತಿರುವಿನಲ್ಲಿ ಅನುಮಾನಿಸಿ ನಡುಗುತ್ತದೆ, ಅದನ್ನು ಹುಡುಕಿದರು. ಗೆರೆ ಎಲ್ಲೂ ನಡುಗಿರಲಿಲ್ಲ. ಸಾವಿರಾರು ಪ್ರಯೋಗ ಪುಸ್ತಕಗಳ ಮೇಲೆ ಹಾಕಿ ಹಾಕಿ ರೂಢಿಯಾದ ಕೈಯಿಂದ ಒಂದೇ ಬೀಸಿನಲ್ಲಿ ಬಂದ ಸಹಿ. ಆದರೆ ಚಿಂತಾಮಣಿಯಲ್ಲಿ ತಾವು ಯಾವ ಕಾಗದ ಮುಟ್ಟಿದ ನೆನಪೂ ಅವರಿಗಿರಲಿಲ್ಲ.

ಗಡಿಯಾರದಲ್ಲಿ ಐದೂ ಹತ್ತೊಂಬತ್ತು. ಅಮ್ಮಾಜಮ್ಮ ಹರಿದ ಪತ್ರದ ಚೂರುಗಳನ್ನು ನೋಡಿದರು. ಸಾಬ್ರೀನಳ ಕುರ್ಚಿ, ಅವಳಿಗೇ ಅರಿವಿಲ್ಲದಂತೆ, ನೆಲಕ್ಕೆ ಉಜ್ಜಿ ಅರ್ಧ ಅಡಿ ಹಿಂದೆ ಸರಿಯಿತು.

"ಖಾಲಾ," ಎಂದಳು ಅವಳು ದೊಡ್ಡಮ್ಮನಿಗೆ, "ಯಾರೋ ಮೋಸ ಮಾಡಿ ಹಾಕಿದ ಸಹಿ ಅಂತ ಬರೆದು ಕಳಿಸಲಾ? ಹನ್ನೊಂದು ನಿಮಿಷ ಇದೆ."

ಹೂಂ ಎಂದಿದ್ದರೆ ಸಾಕಿತ್ತು. ಕೋಣೆಯಲ್ಲಿದ್ದವರೆಲ್ಲ ಆ ಹೂಂಗಾಗಿ ಕಾದಿದ್ದರು. ಆದರೆ ಅದೂ ಬೇಕಾದ ಉತ್ತರವೇ ಹೊರತು, ತೂಗಿದಾಗ ಸರಿಹೊಂದುವ ಉತ್ತರವಲ್ಲ.

"ಬರೀಬೇಡ," ಎಂದರು ಶಹಜಾದಿ. "ಸಹಿ ನನ್ನದೇ."